ನಾಲ್ಕನೇ ಎಲೆ

ಹೊಸ ಊರು, ಸೊಲೊಮನ್ ದ್ವೀಪಗಳು
9 ಮೇ 1963

ಅಮ್ಮ, ಮೌರಿ, ಕ್ಷೇಮವಾಗಿರು.

ನಾವು ಬಂದು ಸೇರಿದೆವು. ನಿನ್ನ ಅಳಿಯ ಇತಾಯಾ ಆರೋಗ್ಯವಾಗಿದ್ದಾನೆ. ರುಟಾ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ನೆಲಕ್ಕೆ ಕಾಲಿಟ್ಟ ಕೂಡಲೇ ಅಜ್ಜಿ ಯಾವ ಹಡಗಿನಲ್ಲಿ ಬರುತ್ತಾಳೆ ಎಂದು ಕೇಳಿದಳು. ಮುಂದಿನದರಲ್ಲಿ ಎಂದೆ.

ಇಲ್ಲಿ ನೆಲ ಎದ್ದು ನಿಂತಿದೆ. ಬೇರೆ ಹೇಗೆ ಹೇಳಬೇಕೋ ತಿಳಿಯದು. ನಮ್ಮ ಬಿಕೆನ್‌ರಾವಾದ ಶಾಲೆಯಲ್ಲಿ ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬೆಟ್ಟ ಬರೆದು ಮಕ್ಕಳಿಗೆ ತೋರಿಸಿದ್ದೇನೆ. ನಿಜವಾದ ಬೆಟ್ಟದ ಕೆಳಗೆ ನಿಂತಾಗ, ನಾನು ಬರೆದದ್ದು ಏನನ್ನು ಎಂದು ನನಗೇ ಅನುಮಾನವಾಯಿತು. ರುಟಾ ಅದನ್ನು ಎರಡು ದಿನ ನೋಡಿ, "ಅಮ್ಮಾ, ಆ ಮೋಡ ಯಾಕೆ ಹೋಗ್ತಾನೇ ಇಲ್ಲ?" ಅಂದಳು. ಹೊಳೆಯ ನೀರನ್ನು ಬೊಗಸೆಯಲ್ಲಿ ಕುಡಿದು, "ಇದಕ್ಕೆ ಉಪ್ಪು ಹಾಕೋದು ಮರ್ತಿದಾರೆ" ಎಂದು ದೂರು ಹೇಳಿದಳು. ನನಗಂತೂ ರಾತ್ರಿ ನಿದ್ದೆ ಹತ್ತುವುದಿಲ್ಲ. ಅಲ್ಲಿ ಎಲ್ಲಿ ಮಲಗಿದರೂ ಒಂದು ಕಿವಿಗೆ ಹೊರಗಡಲು, ಇನ್ನೊಂದಕ್ಕೆ ಹವಳದ ಉಂಗುರದೊಳಗಿನ ಒಳಗಡಲು ಕೇಳುತ್ತಿತ್ತು. ಇಲ್ಲಿ ಒಂದು ಕಿವಿ ಖಾಲಿ.

ನೀನು ಚಾಪೆಯಲ್ಲಿ ಸುತ್ತಿ ಹೊಲಿದು ಕೊಟ್ಟ ಮೂರು ಬಬಾಯ್ ಗೆಡ್ಡೆಗಳನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಇಳಿದ ವಾರವೇ ಇತಾಯಾ ಇನ್ನಿಬ್ಬರನ್ನು ಕಟ್ಟಿಕೊಂಡು ಗುಂಡಿ ತೋಡಿದ, ಅಲ್ಲಿ ತೋಡುವ ಹಾಗೆಯೇ, ಆಳುದ್ದ. ಪಕ್ಕದ ಹಳ್ಳಿಯ ಜಾಮಾ ಎನ್ನುವ ಮುದುಕ ಬಂದು, ಟೋಪಿ ತೆಗೆದು ಎದೆಗೆ ಹಿಡಿದು, ತಲೆ ತಗ್ಗಿಸಿ ನಿಂತ. ಆಮೇಲೆ ಮೆಲ್ಲಗೆ, "ಯಾರಮ್ಮ ಹೋಗಿದ್ದು?" ಎಂದು ಕೇಳಿದ. ಗೆಡ್ಡೆ ನೆಡಲು ಎಂದು ಹೇಳಿದರೆ ನಕ್ಕು ನಕ್ಕು ಅಲ್ಲೇ ಕುಸಿದು ಕೂತ. "ಇಷ್ಟು ಆಳ ಯಾಕೆ? ಅದೇನು ಎದ್ದು ಓಡಿಹೋಗುತ್ತಾ?" ಗುಂಡಿ ತೋಡದೆ ಬಬಾಯ್ ಬೆಳೆಯುವುದು ಹೇಗೆ ಎಂದು ನಾವೂ ನಕ್ಕೆವು. ಮೂರನ್ನೂ ನೆಟ್ಟಿದ್ದೇವೆ. ಆ ರಾತ್ರಿಯೇ ಮಳೆ ಬಂತು. ಗುಂಡಿಯಲ್ಲಿ ಮೊಣಕಾಲುಮಟ್ಟ ನೀರು.

ಮಳೆ ಸಾಲದೆಂದು ಸರ್ಕಾರ ಊರವರನ್ನು ಹಡಗಿಗಿಷ್ಟು ಮಂದಿಯಂತೆ ಇಲ್ಲಿಗೆ ಸಾಗಿಸತೊಡಗಿ ನಾವು ಹೊರಟ ದಿನ, ಹವಳದ ದಂಡೆಯ ಮೇಲೆ ನಿಂತು ನೀನು ಹೇಳಿದ್ದು ನೆನಪಿದೆ. "ಗೆಡ್ಡೆ ಹಿಡಿದು ನಾಲ್ಕನೇ ಎಲೆ ಬಿಡಲಿ, ಬರ್ತೀನಿ. ಬೇರೆಯವರ ನೆಲದಲ್ಲಿ, ಸಭೆಗೆ ಒಂದು ಗೆಡ್ಡೆ ತರೋ ಯೋಗ್ಯತೆ ಇಲ್ದೆ, ಊರ ಚಾವಡಿ ಮನೇಬಾದಲ್ಲಿ ಕೂರೋಳಲ್ಲ ನಾನು." ಎಲ್ಲರೂ ಕೇಳಿಸಿಕೊಂಡಿದ್ದಾರೆ. ಮಾತು ತಪ್ಪುವಂತಿಲ್ಲ.

ನಿನ್ನ
ತಿಯೆಬಾನೆ

*

ಬಿಕೆನ್‌ರಾವಾ
30 ಜೂನ್ 1963

ಮಗಳೇ,

ನಿನ್ನ ಕಾಗದ ಬಂತು. ಮೊಣಕಾಲುಮಟ್ಟ ನೀರು ಎಂಬ ಸಾಲನ್ನು ಉಳಿದವರಿಗೆಲ್ಲ ಮನೇಬಾದಲ್ಲಿ ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಓದು ಅಂದರು. ಓದಿದೆ. ಸಂತೋಷವಾಯಿತು. ಆ ಜಾಮಾನಿಗೆ ಹೇಳು, ನಮ್ಮ ಕಡೆ ಹೆಣಕ್ಕಿಂತ ಗೆಡ್ಡೆಗೇ ಆಳದ ಗುಂಡಿ ಎಂದು.

ನಿನ್ನ ಅಪ್ಪ ಮತ್ತು ನಾನು ತೋಡಿದ್ದು ನಿನಗೆ ನೆನಪಿರಬೇಕು. ನೀನಾಗ ಹದಿನೈದರವಳು, ಮೂತಿ ಊದಿಸಿಕೊಂಡು ದಡದಲ್ಲಿ ಕೂತಿದ್ದೆ. ಹಿಂದಿನ ದ್ವೀಪದಲ್ಲಿ ನಮ್ಮ ಪಾಲಿಗೆ ಬಂದಿದ್ದ ನೆಲ ಒಂದು ಚಾಪೆ ಹಾಸುವಷ್ಟು. ಸರ್ಕಾರದವರು ಈ ಖಾಲಿ ದ್ವೀಪಕ್ಕೆ ತಂದು ಇಳಿಸಿದಾಗ ಇಲ್ಲಿದ್ದದ್ದು ಹಕ್ಕಿ, ತೆಂಗಿನೇಡಿ, ಮೂಡಣ ತುದಿಯ ಆ ಹಳೇ ಕಲ್ಲುಕಟ್ಟೆ. ಹವಳದ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ಒಡೆದು ಒಡೆದು ಇಳಿದೆವು. ಕೊನೆಗೆ ಕೆಳಗೆ ಒದ್ದೆಯಾಯಿತು. ನಿನ್ನ ಅಪ್ಪ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಇನ್ನೊಮ್ಮೆ ಅದ್ದಿ ನನ್ನ ಬಾಯಿಗೆ ಇಟ್ಟ. ಸಿಹಿ. ಉಪ್ಪು ಕಡಲಿನ ಮೇಲೆ ಕೆನೆಯ ಹಾಗೆ ತೇಲುವ ನೀರು. ಆ ಗುಂಡಿಯ ಪಕ್ಕದಲ್ಲೇ ಈಗ ಅವನು ಮಲಗಿದ್ದಾನೆ. ಬೆಳಿಗ್ಗೆ ಎದ್ದು ಅವನ ಮೇಲಿನ ಬಿಳಿ ಕಲ್ಲುಗಳನ್ನು ಗುಡಿಸುತ್ತೇನೆ. ಏಡಿಗಳು ರಾತ್ರಿಯಿಡೀ ಅಸ್ತವ್ಯಸ್ತ ಮಾಡಿರುತ್ತವೆ. ಬೈಯುತ್ತೇನೆ. ಅವನು ಬದುಕಿದ್ದಾಗಲೂ ನಾನು ಬೈದರೆ ಸುಮ್ಮನೇ ಇರುತ್ತಿದ್ದ.

ನೀನು ಬಿಟ್ಟುಹೋದ ಹೊಲಿಗೆ ಯಂತ್ರವನ್ನು ನಿನ್ನ ಚಿಕ್ಕಮ್ಮ ತೆಕೋರಾ ಬುಬುಟಿ ಕೇಳಿದಳು. ರಕ್ತಸಂಬಂಧದವರು ಬುಬುಟಿ ಎಂದು ಕೈಚಾಚಿದ ಮೇಲೆ ಇಲ್ಲ ಅನ್ನುವುದುಂಟೆ? ಕೊಟ್ಟೆ. ಮರುದಿನ ನಾನು ಹೋಗಿ ಅವಳ ಕೊಡೆಯನ್ನು ಬುಬುಟಿ ಕೇಳಿದೆ. "ಮಳೆ ಇಲ್ದಿರೋ ಊರಲ್ಲಿ ಕೊಡೆ ಇಟ್ಕೊಂಡು ಏನ್ ಮಾಡ್ತೀಯ, ಅಕ್ಕಾ?" ಅಂತ ಅತ್ತಳು. ಬರೀ ಚಡ್ಡಿ ತೊಡುವ ಊರಲ್ಲಿ ನೀನು ಹೊಲಿಗೆ ಯಂತ್ರ ಇಟ್ಟುಕೊಂಡು ಏನು ಮಾಡುತ್ತೀಯೋ ಅದನ್ನೇ ಎಂದೆ.

ಇಲ್ಲಿ ಎಲ್ಲ ಸರಿಯಾಗಿದೆ. ರುಟಾಳಿಗೆ ಮುತ್ತು.

ನಿನ್ನ ತಾಯಿ
ಕಿನಾಯ್

*

ಹೊಸ ಊರು
2 ಸೆಪ್ಟೆಂಬರ್ 1963

ಅಮ್ಮ,

ಎರಡು ಎಲೆ ಬಂದಿವೆ.

ಇದನ್ನು ಮೊದಲು ಬರೆದುಬಿಡೋಣ ಎಂದುಕೊಂಡೆ. ಉಳಿದದ್ದೇನೂ ವಿಶೇಷವಿಲ್ಲ. ದಿನವೂ ಮಳೆ. ಬಟ್ಟೆ ಒಣಗುವುದಿಲ್ಲ. ರುಟಾಳಿಗೆ ಜ್ವರ ಬಂದಿತ್ತು, ಇಲ್ಲಿನ ಸೊಳ್ಳೆಯದ್ದು, ಈಗ ಇಲ್ಲ. ಶಾಲೆಗೆ ಚಾವಣಿ ಹಾಕುತ್ತಿದ್ದಾರೆ.

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಗೆಡ್ಡೆಗೆ ಏನು ಹಾಕಬೇಕು, ಯಾವ ಎಲೆ ಕೊಳೆಸಿ ಸುತ್ತಬೇಕು, ಒಂದು ಮಾತೂ ಇಲ್ಲ. ಗುಂಡಿಯ ವಿದ್ಯೆ ಮನೆತನದ ಗುಟ್ಟು, ಕಾಗದದಲ್ಲಿ ಬರೆಯುವಂಥದ್ದಲ್ಲ, ತಿಳಿಯುತ್ತದೆ. ಅಲ್ಲಿದ್ದಾಗ ನಾನೂ ಕೇಳಲಿಲ್ಲ. ನನಗೆ ಪುಸ್ತಕವಿತ್ತು, ನಿನಗೆ ಗುಂಡಿಯಿತ್ತು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಲೆಹಾಕದೆ ಒಂದೇ ಸೂರಿನಡಿ ಇಷ್ಟು ವರ್ಷ ಕಳೆದೆವು. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಈಗ ಹಾಗೆ ಅನಿಸುತ್ತಿಲ್ಲ.

ಮಳೆ ಇಲ್ಲದ ಊರು ಎಂದು ಚಿಕ್ಕಮ್ಮ ಅಂದಳು ಎಂದು ಬರೆದಿದ್ದೀಯ. ಅದು ನಗುವ ಮಾತಿನ ನಡುವೆ ಬಂದದ್ದರಿಂದ ಮೊದಲು ಗಮನಿಸಲಿಲ್ಲ. ಎಷ್ಟು ದಿನದಿಂದ ಇಲ್ಲ?

ತಿಯೆಬಾನೆ

*

ಬಿಕೆನ್‌ರಾವಾ
20 ಅಕ್ಟೋಬರ್ 1963

ಮಗಳೇ,

ಎರಡು ಎಲೆ ಎಂದು ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಕಾಗದವನ್ನು ತೆಗೆದುಕೊಂಡು ನಿನ್ನ ಅಪ್ಪನ ಹತ್ತಿರ ಹೋಗಿ ಕೂತೆ. ತುಂಬಾ ಹೊತ್ತು ಕೂತಿದ್ದೆ.

ಯಾವ ಬಣ್ಣ?

ರುಟಾಳಿಗೆ ಜ್ವರ ಬಂದರೆ ಎಳನೀರು ಕುಡಿಸು. ಅಲ್ಲಿ ತೆಂಗು ಇದೆ ತಾನೆ?

ನಿನ್ನ ತಾಯಿ

*

ಹೊಸ ಊರು
15 ನವೆಂಬರ್ 1963

ಅಮ್ಮ,

ಹಸಿರು. ಕಡು ಹಸಿರು. ಹೊಸದಾಗಿ ಬಂದದ್ದು ಸುರುಳಿಯಾಗಿತ್ತು, ಈಗ ಬಿಚ್ಚಿಕೊಂಡು ಸಣ್ಣ ದೋಣಿಯ ಹಾಯಿಯ ಹಾಗಿದೆ. ಅಂದರೆ ಮೂರಾದವು. ನಾನು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನೋಡಿಕೊಂಡು ಹೋಗುತ್ತೇನೆ.

ಇಷ್ಟು ಉದ್ದದ ನನ್ನ ಕಾಗದಕ್ಕೆ ನೀನು ಬೆರಳೆಣಿಕೆಯ ಸಾಲು ಬರೆದೆ. ಕೋಪವೋ, ಕಣ್ಣು ಮಂಜಾಗಿದೆಯೋ, ಗೊತ್ತಾಗಲಿಲ್ಲ. ಮಳೆಯ ಬಗ್ಗೆ ಕೇಳಿದ್ದಕ್ಕಂತೂ ಉತ್ತರವಿಲ್ಲ. ಉತ್ತರ ಬೇರೆ ಕಡೆಯಿಂದ ಬಂತು. ನಿಮ್ಮಲ್ಲಿಗೆ ಬಂದುಹೋದ ಹಡಗಿನ ಒಬ್ಬ ಇಲ್ಲಿ ಇಳಿದಿದ್ದ. ಊರ ಬಾವಿ ಉಪ್ಪಾಗಿದೆಯಂತೆ. ಒಳಗಡಲಿನ ಕಡೆಯ ತೆಂಗುಗಳ ತಲೆ ಉದುರಿ ಕಂಬಗಳ ಹಾಗೆ ನಿಂತಿವೆಯಂತೆ. ಸರ್ಕಾರ ಪೀಪಾಯಿಗಳಲ್ಲಿ ನೀರು ತಂದು ಹಂಚುತ್ತಿದೆಯಂತೆ. ಎಲ್ಲ ಸರಿಯಾಗಿದೆ ಎಂದು ಬರೆದವಳು ನೀನು.

"ನಿಮ್ಮಮ್ಮನ್ನ ನೋಡ್ದೆ," ಅಂದ ಅವನು. "ತೆಳ್ಳಗಾಗಿದಾರೆ. ಪಾಲಿನ ನೀರನ್ನ ಇಸ್ಕೊಂಡು ಎಲ್ಲೋ ಹೊತ್ಕೊಂಡು ಹೋಗ್ತಿದ್ರು. ಎಲ್ಲಿಗೆ ಅಂದ್ರೆ, ನಿಮ್ಮಪ್ಪನ ಮನೆಗೆ ಅಂದ್ರು."

ಎಲ್ಲಿಗೆ, ಅಮ್ಮ? ಅಪ್ಪನ ಗೋರಿಗೆ ನೀರು ಹಾಕುತ್ತಿದ್ದೀಯಾ? ಕುಡಿಯುವ ನೀರನ್ನು?

ಮೂರು ಎಲೆ ಆಗಿದೆ. ಇನ್ನೊಂದೇ.

ತಿಯೆಬಾನೆ

*

ಬಿಕೆನ್‌ರಾವಾ
4 ಜನವರಿ 1964

ಮಗಳೇ,

ಹಡಗಿನವರು ಒಂದಕ್ಕೆ ಎರಡು ಹೇಳುತ್ತಾರೆ. ನಾನು ಯಾವಾಗ ದಪ್ಪ ಇದ್ದೆ?

ಬಾವಿ ಉಪ್ಪಾಗಿರುವುದು ನಿಜ. ಹೇಳಿದರೆ ನೀನೇನು ಅಲ್ಲಿಂದ ಮಳೆ ಕಳಿಸುತ್ತಿದ್ದೆಯಾ?

ಸರ್ಕಾರದ ಸಾಹೇಬ ಬಂದಿದ್ದ, ಹೊಸಬ, ಮೂಗಿನ ಚರ್ಮ ಸುಲಿದುಹೋಗಿತ್ತು, ಪಾಪ. ಏಪ್ರಿಲ್ ಹಡಗೇ ಕಡೆಯದು, ಆಮೇಲೆ ನೀರೂ ಬರುವುದಿಲ್ಲ, ಯಾರೂ ಇರುವಂತಿಲ್ಲ ಎಂದು ಮನೇಬಾದಲ್ಲಿ ಹೇಳಿದ. ನಮ್ಮವರೆಲ್ಲ ತಲೆಯಾಡಿಸಿದರು. ನಾನು ಎದ್ದು, ಮಗಳ ಗೆಡ್ಡೆ ಇನ್ನೂ ನಾಲ್ಕನೇ ಎಲೆ ಬಿಟ್ಟಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. ದುಭಾಷಿ ಎರಡು ಸಲ ಹೇಳಿದ ಮೇಲೆ ಪುಸ್ತಕದಲ್ಲಿ ಏನೋ ಬರೆದುಕೊಂಡ. ತೆಕೋರಾ ನನ್ನ ಬಟ್ಟೆ ಹಿಡಿದು ಎಳೆದಳು. "ಕೂತ್ಕೋ ಅಕ್ಕಾ. ಎಲೆ ಬರ್ಲಿ ಬಿಡ್ಲಿ, ನೀನು ಬರ್ತೀಯ. ನಿನ್ನ ಬಿಟ್ಟು ಹೋದ್ರೆ ನಾನು ಅಲ್ಲಿ ಯಾರ ಹತ್ರ ಜಗಳ ಆಡ್ಲಿ?"

ನಿನ್ನೆ ಮೂಡಣ ತುದಿಗೆ ಹೋಗಿದ್ದೆ, ಕಲ್ಲುಕಟ್ಟೆಯ ಹತ್ತಿರ. ನಾವು ಬರುವುದಕ್ಕೆ ಎಷ್ಟೋ ಕಾಲ ಮುಂಚೆ ಯಾರೋ ಇಲ್ಲಿ ಬದುಕಿದ್ದರು. ಅದರ ಒಂದು ಕಲ್ಲನ್ನೂ ನಿನ್ನ ಅಪ್ಪ ಮುಟ್ಟಗೊಡುತ್ತಿರಲಿಲ್ಲ, ಹಂದಿಗೂಡು ಕಟ್ಟಲು ಕಲ್ಲು ಸಾಲದಿದ್ದಾಗಲೂ. ಅವರೂ ಒಂದು ದಿನ ಹೊರಟಿರಬೇಕು. ನೀರು ಉಪ್ಪಾಗಿಯೋ, ಬೇರೇನೋ ಆಗಿಯೋ. ಕಟ್ಟೆಯ ಮೇಲೆ ಕೂತು, ಅವರಲ್ಲಿ ಕೊನೆಗೆ ದೋಣಿ ಹತ್ತಿದವಳು ಯಾರಾಗಿದ್ದಳೋ ಅಂದುಕೊಂಡೆ. ಕೈಯಲ್ಲಿ ಏನು ಹಿಡಿದುಕೊಂಡಿದ್ದಳೋ.

ನಾಲ್ಕನೇ ಎಲೆ ಬಂದಿದ್ದರೆ ಬರೆ. ಬಂದಿಲ್ಲದಿದ್ದರೂ ಬರೆ.

ನಿನ್ನ ತಾಯಿ

*

ಹೊಸ ಊರು
10 ಫೆಬ್ರವರಿ 1964

ಅಮ್ಮ,

ನಾಲ್ಕನೇ ಎಲೆ ಬಂತು ಎಂದು ಬರೆದು, ಲಕೋಟೆಗೆ ಹಾಕಿ, ಅಂಟಿಸಿದ್ದೆ. ಹಡಗು ನಾಳೆ ಹೊರಡುತ್ತದೆ. ಆ ಒಂದು ಸಾಲು ಸಾಕಿತ್ತು, ನೀನು ಬರುತ್ತಿದ್ದೆ. ಇವತ್ತು ಬೆಳಿಗ್ಗೆ ಲಕೋಟೆ ಒಡೆದೆ.

ಎಲೆ ಇಲ್ಲ. ನಾಲ್ಕನೆಯದೂ ಇಲ್ಲ, ಮೊದಲನೆಯದೂ ಇಲ್ಲ. ನೆಟ್ಟ ತಿಂಗಳೊಳಗೇ ಮೂರು ಗೆಡ್ಡೆಗಳೂ ಕೊಳೆತುಹೋದವು. ಇಲ್ಲಿ ನೀರು ಕೆಳಗಿಂದ ಬರುವುದಿಲ್ಲ, ಮೇಲಿಂದ ಬರುತ್ತದೆ. ಗುಂಡಿ ತುಂಬಿ ಕೆರೆಯಾಯಿತು. ನಾನು ತೆಂಗಿನ ಕರಟದಲ್ಲಿ ನೀರು ಎತ್ತಿ ಹಾಕಿದೆ, ರಾತ್ರಿ ಮತ್ತೆ ತುಂಬಿತು. ಕೊನೆಗೆ ಕೈಹಾಕಿ ತೆಗೆದರೆ ಬೆರಳ ಸಂದಿಯಲ್ಲಿ ಸೋರಿಹೋಯಿತು. ಜಾಮಾ ನಗಲಿಲ್ಲ ಈ ಸಲ. "ಹೊಳೆ ಪಕ್ಕ ಜವುಗು ಇದ್ಯಲ್ಲಮ್ಮ, ಅಲ್ಲಿ ಚುಚ್ಚಿದ್ರೆ ಸಾಕಾಗ್ತಿತ್ತು," ಅಂದ. ಅಷ್ಟೇ ಆಗಿತ್ತು ಮಾಡಬೇಕಾಗಿದ್ದದ್ದು. ಇಪ್ಪತ್ತೈದು ವರ್ಷ ನೀವು ಬದುಕಿಸಿಕೊಂಡು ಬಂದದ್ದನ್ನು ನಾನು ನೀರಲ್ಲಿ ಮುಳುಗಿಸಿ ಕೊಂದೆ.

ಆಗಲೇ ಬರೆಯಬಹುದಿತ್ತು. ಬರೆದಿದ್ದರೆ, ಸರಿ, ಹಾಗಾದರೆ ನಾನು ಇಲ್ಲೇ ಇರುತ್ತೇನೆ ಎಂದು ನೀನು ಹೇಳುತ್ತಿದ್ದೆ. ಅದಕ್ಕೇ ಎಲೆ ಬರೆದೆ. ಎಲೆ ಬರೆಯುತ್ತಾ ಬರೆಯುತ್ತಾ ಬಣ್ಣವೂ ಬಂತು, ಸುರುಳಿಯೂ ಬಂತು. ಕೆಲವು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಿಜವಾಗಿಯೂ ಗುಂಡಿಯ ಹತ್ತಿರ ಹೋಗಿ ಇಣುಕುತ್ತಿದ್ದೆ. ಮಕ್ಕಳು ಬೀಳುತ್ತಾರೆ, ಮುಚ್ಚಿಬಿಡೋಣ ಎಂದು ಇತಾಯಾ ದಿನವೂ ಹೇಳುತ್ತಾನೆ. ನಾನು ಬಿಟ್ಟಿಲ್ಲ.

ಸುಳ್ಳಿನಿಂದಲೇ ಕರೆಸಿಕೊಳ್ಳಬಹುದಿತ್ತು. ಆದರೆ ನೀನು ಹಡಗಿಳಿದು ಮೊದಲು ಕೇಳುವುದು ಗುಂಡಿ ಎಲ್ಲಿ ಎಂದು. ಆ ಹೊತ್ತಿನ ನಿನ್ನ ಮುಖ ನೆನೆದು ಲಕೋಟೆ ಒಡೆದೆ. ನಿನ್ನ ಮೇಲಿನ ಗೌರವವೋ, ನನ್ನ ಹೇಡಿತನವೋ, ತೂಗಿ ನೋಡುವಷ್ಟು ಹೊತ್ತಿಲ್ಲ.

ಈಗ ನನ್ನ ಹತ್ತಿರ ಉಳಿದಿರುವುದು ಒಂದೇ. ಮಗಳು ತಾಯಿಯನ್ನು ಬುಬುಟಿ ಕೇಳುವುದಿಲ್ಲ. ಕೇಳದೆಯೇ ಕೊಡುವವಳ ಮುಂದೆ ಯಾರು ಕೈಚಾಚುತ್ತಾರೆ? ನಾಚಿಕೆಗೇಡು, ಗೊತ್ತು. ಊರವರು ಆಡಿಕೊಳ್ಳುತ್ತಾರೆ, ಅದೂ ಗೊತ್ತು. ಆದರೂ ಕೇಳುತ್ತಿದ್ದೇನೆ. ಚಿಕ್ಕಮ್ಮ ಸಾಕ್ಷಿಯಾಗಿರಲಿ, ಈ ಸಾಲನ್ನು ಅವಳ ಮುಂದೆ ಓದು.

ಅಮ್ಮ, ಬುಬುಟಿ. ನಿನ್ನನ್ನು ನನಗೆ ಕೊಡು.

ತಿಯೆಬಾನೆ

*

ಹಡಗಿನಲ್ಲಿ
ಏಪ್ರಿಲ್ 1964. ತಾರೀಖು ತೆಕೋರಾಳಿಗೂ ಗೊತ್ತಿಲ್ಲ.

ಮಗಳೇ,

ಈ ಕಾಗದವನ್ನು ನಾನೇ ತರುತ್ತಿದ್ದೇನೆ. ಇಳಿದ ಕೂಡಲೇ ನಿನ್ನ ಕೈಗೆ ಕೊಡುತ್ತೇನೆ. ಓದುವಾಗ ನನ್ನ ಮುಖ ನೋಡಬೇಡ, ರುಟಾಳ ಜೊತೆ ಆ ಮೋಡ ನೋಡುತ್ತಿರುತ್ತೇನೆ.

ನಿನ್ನ ಸಾಲನ್ನು ತೆಕೋರಾಳ ಮುಂದೆ ಓದಿದೆ. ಅವಳು ನನ್ನ ಕೊಡೆ ಬಿಚ್ಚಿ ಅದರ ಹಿಂದೆ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ, "ಕೊಡೆ ಎಷ್ಟೋ ವಾಸಿ. ನಿನ್ನ ಮಗಳು ನಿನ್ನನ್ನೇ ಎತ್ಕೊಂಡ್ ಹೋದ್ಲಲ್ಲೇ," ಅಂದಳು.

ಗುಂಡಿಯ ವಿಷಯಕ್ಕೆ ನೀನು ಅಳುವುದು ಬೇಡ. ಗೆಡ್ಡೆಗಳನ್ನು ಕೊಂದದ್ದು ನೀನಲ್ಲ. ನೀನು ಹೊರಡುವ ಹಿಂದಿನ ಸಂಜೆ ಚಾಪೆಯಲ್ಲಿ ಸುತ್ತುವ ಮುಂಚೆ ಮೂರರಲ್ಲೂ ಎಲೆ ಹೊರಡುವ ಸುಳಿಯನ್ನು ನಾನೇ ಚಾಕುವಿನಿಂದ ತೆಗೆದಿದ್ದೆ. ಜಾಮಾನ ಜವುಗಿನಲ್ಲಿ ನೆಟ್ಟಿದ್ದರೂ ಅವು ಬರುತ್ತಿರಲಿಲ್ಲ. ಬರಲೇಬಾರದು ಎಂದೇ ನಾಲ್ಕನೇ ಎಲೆಯ ಮಾತು ಹೇಳಿದ್ದು. ನಿನ್ನ ಮುಖಕ್ಕೆ ನೇರವಾಗಿ ಬರುವುದಿಲ್ಲ ಅನ್ನಲು ಆಗಲಿಲ್ಲ. ನಿನ್ನ ಅಪ್ಪನನ್ನು ಏಡಿಗಳಿಗೆ ಬಿಟ್ಟು ಬರಲು ಆಗುವುದಿಲ್ಲ ಎಂದು ಎಲ್ಲರೆದುರು ಹೇಳಲೂ ಆಗಲಿಲ್ಲ. ಗುಂಡಿಯ ವಿದ್ಯೆ ನಿನಗೆ ಕಲಿಸಿರಲಿಲ್ಲವಲ್ಲ, ಅದು ನನಗೆ ಅನುಕೂಲವಾಯಿತು. ನೀನು ಸುಳಿ ಹುಡುಕಿ ನೋಡುವವಳಲ್ಲ.

ಆಮೇಲೆ ಎರಡು ಎಲೆ ಎಂಬ ಕಾಗದ ಬಂತು. ಸುಳಿಯಿಲ್ಲದ ಗೆಡ್ಡೆಗೆ ಎಲೆ. ಮೊದಲು ನಗು ಬಂತು. ನಿನ್ನ ಅಪ್ಪನ ಹತ್ತಿರ ಕೂತು, ನೋಡು, ನಿನ್ನ ಮೇಷ್ಟರಮ್ಮ ಮಗಳು ಸುಳ್ಳು ಹೇಳುತ್ತಾಳೆ ಎಂದೆ. ಅವಳು ಹದಿನೈದರಲ್ಲಿ ಮೂತಿ ಊದಿಸಿದ್ದು ಬಿಟ್ಟರೆ ಏನನ್ನೂ ಕೇಳಿದವಳಲ್ಲ, ಈಗ ಎಲೆ ಹುಟ್ಟಿಸಿಕೊಂಡು ಕರೆಯುತ್ತಿದ್ದಾಳೆ ಎಂದೆ. ಅಲ್ಲಿಂದ ಎದ್ದು ಬರಲು ಸಂಜೆಯಾಯಿತು. ಬಣ್ಣ ಕೇಳಿದ್ದು ನಿನ್ನನ್ನು ಸಿಕ್ಕಿಸಲಿಕ್ಕಲ್ಲ. ಇನ್ನೊಂದು ಕಾಗದದಲ್ಲಿ ಅದನ್ನೇ ಓದಬೇಕು ಅನ್ನಿಸಿತು. ಮೂರನೆಯದು ದೋಣಿಯ ಹಾಯಿಯ ಹಾಗಿದೆ ಎಂದು ಬರೆದೆಯಲ್ಲ, ಅದು ಸರಿಯಾಗಿತ್ತು. ಹಾಗೆಯೇ ಇರುತ್ತದೆ.

ನಮ್ಮ ಗುಂಡಿಯಲ್ಲಿ ಉಪ್ಪು ಏರಿ ಎಲ್ಲ ಹೋಗಿ ಒಂದು ಉಳಿದಿತ್ತು, ಗೋರಿಯ ಕಡೆಯ ಮೂಲೆಯಲ್ಲಿ ನಿನ್ನ ಅಪ್ಪ ನೆಟ್ಟದ್ದು. ನನ್ನ ಪಾಲಿನ ನೀರು ಹೋಗುತ್ತಿದ್ದದ್ದು ಅದಕ್ಕೆ. ಹಡಗು ಬಂದ ಬೆಳಿಗ್ಗೆ ಅವನ ಮೇಲಿನ ಕಲ್ಲುಗಳನ್ನು ಗುಡಿಸಿದೆ. ಮಗಳು ಬುಬುಟಿ ಕೇಳಿದ್ದಾಳೆ, ನೀನಾದರೂ ಇಲ್ಲ ಅನ್ನುತ್ತಿದ್ದೆಯಾ ಎಂದು ಕೇಳಿದೆ. ಎಂದಿನ ಹಾಗೆ ಸುಮ್ಮನಿದ್ದ. ಗುಂಡಿಗೆ ಇಳಿದು ಅದನ್ನು ಬೇರುಸಮೇತ ಎತ್ತಿದೆ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಪೂರ್ತಿ ಕಡಲು. ಆಮೇಲೆ ಹಿಂದೆ ತಿರುಗಿ ನೋಡುವುದು ಕಷ್ಟವಾಗಲಿಲ್ಲ.

ದಂಡೆಯಿಂದ ಸಣ್ಣ ದೋಣಿಯಲ್ಲಿ ಹಡಗಿಗೆ ಬಂದೆವು. ಸ್ವಲ್ಪ ದೂರ ಬರುವಷ್ಟರಲ್ಲಿ ನೆಲ ಮುಳುಗಿತು, ತೆಂಗಿನ ತಲೆಗಳಷ್ಟೇ ನೀರ ಮೇಲೆ ಕಂಡವು. ಆಮೇಲೆ ಒಳಗಡಲಿನ ಹಸಿರು ಮೋಡದ ಹೊಟ್ಟೆಯಲ್ಲಿ ಕಂಡಿತು. ಆಮೇಲೆ ಅದೂ ಇಲ್ಲ. ತೆಕೋರಾ ಹೊಲಿಗೆ ಯಂತ್ರದ ಮೇಲೆ ಕೂತು ಹಾಡುತ್ತಿದ್ದಳು, ರಾಗ ತಪ್ಪಾಗಿತ್ತು.

ಗೆಡ್ಡೆ ನನ್ನ ಮಡಿಲಲ್ಲಿದೆ, ಒದ್ದೆ ನಾರಿನಲ್ಲಿ ಸುತ್ತಿ. ಸುಳಿ ಇದೆ. ಈ ಸಲ ನೀನೇ ಬೆರಳಿಟ್ಟು ನೋಡು, ಎಲ್ಲಿ ಇರುತ್ತದೆ ಎಂದು ತೋರಿಸುತ್ತೇನೆ. ಆ ಜವುಗಿಗೂ ಕರೆದುಕೊಂಡು ಹೋಗು.

ಬುಬುಟಿ ಕೊಟ್ಟವಳಿಗೆ ತಿರುಗಿ ಕೇಳುವ ಹಕ್ಕಿದೆ, ತೆಕೋರಾಳ ಕೊಡೆ ನೆನಪಿದೆಯಲ್ಲ. ನನ್ನದೂ ಒಂದು. ಇತಾಯಾನ ಕೈಯಲ್ಲಿ ಆ ಗುಂಡಿಯನ್ನು ಈಗಲೇ ಮುಚ್ಚಿಸಬೇಡ. ನಾವಿಬ್ಬರೂ ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರೋಣ. ಜಾಮಾ ಬಂದು ಟೋಪಿ ತೆಗೆದು ನಿಂತರೆ ನಿಲ್ಲಲಿ. ಹೊಟ್ಟೆ ಹಿಡಿದುಕೊಂಡು ನಗೋಣ. ನೆಡುವುದು ಆಮೇಲೆ.

ನಿನ್ನ ತಾಯಿ
ಕಿನಾಯ್